ಝೀರೋ ಮತ್ತು ಜೀರೋ



ಕೆಲವು ತಿಂಗಳ ಹಿಂದೆ, ನನ್ನ ಬಳಿ ತಜ್‌ವೀದ್ ಕಲಿಯಲು ಬರುವ ಗೃಹಿಣಿಯೊಬ್ಬರು ತರಗತಿ ಮುಗಿದರೂ ಎದ್ದು ಹೋಗಲಿಲ್ಲ. ವಿಚಾರಿಸಿದಾಗ ಕಣ್ಣು ತುಂಬಿಕೊಂಡರು. ಮಗಳ ಶಾಲೆಯ ಪೋಷಕರ ಸಭೆಯಲ್ಲಿ ಅಂಕಪಟ್ಟಿ ನೋಡುತ್ತಾ ‘ಜೀರೋ’ ಎಂದರಂತೆ. ಪಕ್ಕದಲ್ಲಿದ್ದವರು ನಕ್ಕರಂತೆ. “ಇನ್ನು ಉಪ್ಪ ಊರಿಗೆ ಬಂದಾಗ ಅವರೇ ಬರಲಿ, ನೀವು ಬರಬೇಡಿ ಉಮ್ಮಾ” ಎಂದು ಮಗಳು ದಾರಿಯಲ್ಲೇ ಹೇಳಿದಳಂತೆ.

“ಟೀಚರ್, ಎರಡೇ ತಿಂಗಳಲ್ಲಿ ಇಂಗ್ಲಿಷರ ಹಾಗೆಯೇ ಮಾತಾಡಲು ಕಲಿಸುತ್ತಾರಂತೆ. ಸೇರಲೇ?” ಎಂದು ಕೇಳಿದರು.

“ಮೊದಲು ಸೂರಃ ಝಿಲ್‌ಝಾಲ್ ಓದಿ” ಎಂದೆ. ಎಂಟೇ ಆಯತ್‌ಗಳು. ತಪ್ಪಿಲ್ಲದೆ ಓದಿದರು. ಅದರ ಹೆಸರಿನಲ್ಲೇ ‘ಝಾ’ ಎರಡು ಸಲ ಇದೆ. ಇಂಗ್ಲಿಷಿನ ಝೀರೋಗೆ ಬೇಕಾದದ್ದು ಅದೇ ಧ್ವನಿ. ಅವರ ನಾಲಿಗೆಗೆ ಅದು ಚೆನ್ನಾಗಿ ಗೊತ್ತಿತ್ತು. ಆದರೆ ಮುಸ್‌ಹಫ್ ಮುಚ್ಚಿ ಮನೆಮಾತಿಗೆ ಬಂದೊಡನೆ ಅದು ‘ಜ’ ಆಗುತ್ತಿತ್ತು.

ಅದೇ ಸೂರಃದಲ್ಲಿ ಮೂರು ಚುಕ್ಕೆಯ ‘ಸಾ’ ಇದೆ. ನಾಲಿಗೆಯ ತುದಿಯನ್ನು ಮೇಲಿನ ಮುಂಹಲ್ಲುಗಳ ಅಂಚಿಗೆ ತಾಗಿಸಿ ಉಸಿರು ಬಿಡಬೇಕೆಂದು ಉಸ್ತಾದರು ಕಲಿಸಿದ್ದಾರಲ್ಲ, ಇಂಗ್ಲಿಷಿನ ಥಿಂಕ್, ಥ್ಯಾಂಕ್ಸ್ ಪದಗಳ ಮೊದಲ ಧ್ವನಿ ಅದು. ಕನ್ನಡದ ‘ಥ’ ಅಲ್ಲ. ಅದೇ ಜಾಗದಲ್ಲಿ ಕಂಠದ ನಾದ ಸೇರಿಸಿದರೆ ‘ಝಾಲ್’. ದಿಸ್, ದ್ಯಾಟ್, ಮದರ್ ಎನ್ನುವಾಗ ಬೇಕಾದದ್ದು ಅದು. ಝಾಲ್ ಫಾತಿಹಾದ ಕೊನೆಯ ಆಯತ್‌ನಲ್ಲೂ ಇದೆ. ಫರ್ಝ್ ನಮಾಝ್‌ಗಳ ರಕ್‌ಅತ್‌ಗಳೇ ದಿನಕ್ಕೆ 17. ಯಾವ ಕೋಚಿಂಗ್ ಕ್ಲಾಸಿನಲ್ಲಿ ಇಷ್ಟು ಅಭ್ಯಾಸ ಮಾಡಿಸುತ್ತಾರೆ? (ಕುರ್‌ಆನ್ ಓದುವುದು ಇಂಗ್ಲಿಷ್ ಕಲಿಯಲಿಕ್ಕಲ್ಲ, ಅಪಾರ್ಥ ಬೇಡ. ನಾಲಿಗೆ ಒಂದೇ ಎಂಬುದಷ್ಟೇ ನನ್ನ ಮಾತು.)

ಇನ್ನು ‘ಫಾ’. ನಮ್ಮಲ್ಲಿ ಫ್ಯಾನ್ ಹಲವರ ಬಾಯಲ್ಲಿ ‘ಪ್ಯಾನ್’ ಆಗುತ್ತದೆ. ಮೇಲಿನ ಹಲ್ಲು ಕೆಳತುಟಿಗೆ ತಾಗಿದರೆ ಸಾಕು, ಸರಿಹೋಗುತ್ತದೆ. ಹಾಗೆಯೇ ತಾಗಿಸಿಟ್ಟು ನಾದ ಹೊರಡಿಸಿದರೆ ಇಂಗ್ಲಿಷಿನ ‘ವಿ’ ಅಕ್ಷರದ ಧ್ವನಿ. ‘ಡಬ್ಲ್ಯು’ ಅಕ್ಷರದ್ದು ಬೇರೆ. ಅದಕ್ಕೆ ಹಲ್ಲು ತಾಗಬಾರದು, ‘ವಾವ್’ನಂತೆ ತುಟಿಗಳು ದುಂಡಗಾಗಬೇಕು. ನಾವು ಎರಡಕ್ಕೂ ಒಂದೇ ‘ವ’ ಬಳಸುವುದರಿಂದ ಪಶ್ಚಿಮ ದಿಕ್ಕು ಎನ್ನುವ ‘ವೆಸ್ಟ್’ಗೂ ಬನಿಯನ್ ಎನ್ನುವ ‘ವೆಸ್ಟ್’ಗೂ ವ್ಯತ್ಯಾಸವೇ ಕೇಳಿಸುವುದಿಲ್ಲ.

ಅರಬಿ ಎಲ್ಲವನ್ನೂ ಕೊಡುವುದಿಲ್ಲ. ಅದರಲ್ಲಿ ‘ಪ’ ಇಲ್ಲ. ಪಾರ್ಕಿಂಗ್ ಅನ್ನು ‘ಬಾರ್ಕಿಂಗ್’ ಎನ್ನುವ ಅರಬರ ಬಗ್ಗೆ ಗಲ್ಫಿನಲ್ಲಿರುವ ನಿಮ್ಮ ಮನೆಯವರನ್ನು ಕೇಳಿ ನೋಡಿ! ಇಂಗ್ಲಿಷಿನ ಟ, ಡಗಳಿಗೆ ನಾವು ನಾಲಿಗೆಯನ್ನು ಹಿಂದಕ್ಕೆ ಮಡಚುತ್ತೇವೆ. ಅವರು ಮಡಚದೆ ‘ನೂನ್’ ಉಚ್ಚರಿಸುವಲ್ಲಿ, ಮೇಲಿನ ಹಲ್ಲಿನ ಹಿಂದಿನ ಒಸಡಿಗೆ ತಾಗಿಸುತ್ತಾರೆ. ಇದಕ್ಕಿಂತ ಕಷ್ಟದ್ದು ಒತ್ತು. ಫೋಟೋಗ್ರಾಫ್‌ನಲ್ಲಿ ಒತ್ತು ಮೊದಲಿಗೆ, ಫೋಟೋಗ್ರಫಿಯಲ್ಲಿ ಎರಡನೆಯದಕ್ಕೆ. ಬನಾನಾದಲ್ಲಿ ನಡುವಿನ ‘ನಾ’ ಮಾತ್ರ ಪೂರ್ತಿ ಕೇಳಿಸುತ್ತದೆ, ಉಳಿದೆರಡು ನುಂಗಿದಂತಿರುತ್ತವೆ. ನಾವು ಎಲ್ಲ ಅಕ್ಷರಗಳಿಗೂ ಸಮಪಾಲು ಕೊಡುತ್ತೇವೆ. ಇದು ಪುಸ್ತಕದಿಂದ ಬರುವ ವಿದ್ಯೆಯಲ್ಲ. ಉಸ್ತಾದರ ಬಾಯಿ ನೋಡಿ ಕಲಿತಂತೆ ಕೇಳಿ, ಹೇಳಿ, ಮತ್ತೆ ಕೇಳಬೇಕು. ಮೊಬೈಲ್‌ನಲ್ಲಿ ನಿಮ್ಮ ದನಿಯನ್ನೇ ರೆಕಾರ್ಡ್ ಮಾಡಿ ಕೇಳಿದರೆ ಅರ್ಧ ತಪ್ಪು ನಿಮಗೇ ತಿಳಿಯುತ್ತದೆ.

ಆದರೆ ‘ಇಂಗ್ಲಿಷರ ಹಾಗೆಯೇ’ ಎಂದರೆ ಯಾವ ಇಂಗ್ಲಿಷರ ಹಾಗೆ? ಲಂಡನ್ನಿನ ಅನೇಕರು ಥಿಂಕ್ ಅನ್ನು ‘ಫಿಂಕ್’ ಎನ್ನುತ್ತಾರೆ. ಐರ್ಲೆಂಡಿನ ಅನೇಕರ ಬಾಯಲ್ಲಿ ಆ ಧ್ವನಿ ‘ತ’ಕ್ಕೆ ಹತ್ತಿರ. ಸ್ಕಾಟ್ಲೆಂಡಿನವರ ರಕಾರ ನಮ್ಮದರಂತೆ ಗಟ್ಟಿ. ದೊಡ್ಡವರಾದ ಮೇಲೆ ಕಲಿತ ಭಾಷೆಯಲ್ಲಿ ಹುಟ್ಟೂರಿನ ಛಾಯೆ ಪೂರ್ತಿ ಅಳಿಸಿಹೋಗುವುದು ಅಪರೂಪ. ಅದು ಎರಡು ತಿಂಗಳ ಕೆಲಸವಂತೂ ಅಲ್ಲ. ಪ್ರವಾದಿ ಮೂಸಾ(ಅ)ರು ನಾಲಿಗೆಯ ಗಂಟು ಬಿಡಿಸೆಂದು ಪ್ರಾರ್ಥಿಸಿದ್ದೂ ಜನರಿಗೆ ತಮ್ಮ ಮಾತು ಅರ್ಥವಾಗಲೆಂದು. ಆ ದುಆ ಪಾಠಕ್ಕೆ ಮುಂಚೆ ನಾವೆಲ್ಲ ಹೇಳುವಂಥದ್ದೇ.

ಆಕೆ ಕ್ಲಾಸಿಗೆ ಸೇರಲಿಲ್ಲ. ಕಳೆದ ವಾರ ಮಗಳನ್ನೂ ಕರೆತಂದಿದ್ದರು. ಇಂಗ್ಲಿಷ್ ಮೀಡಿಯಂ ಹುಡುಗಿ, ಮಾತು ಚುರುಕು. ಆದರೆ ಮೂರಕ್ಕೆ ‘ಟ್ರೀ’ ಎನ್ನುತ್ತಿದ್ದಳು. “ನಾಲಿಗೆ ಹಲ್ಲಿನ ಅಂಚಿಗೆ ಬರಲಿ ಮಗಳೇ” ಎಂದು ಉಮ್ಮ ತಿದ್ದುತ್ತಿದ್ದರು. ನಾನು ಸುಮ್ಮನೆ ಕುಳಿತಿದ್ದೆ.