ಹಾವಿನ ಡಬ್ಬಿಯನ್ನು ತೊಳೆಯುವವರು ಯಾರು?

ಮಳೆ ಬಿದ್ದ ರಾತ್ರಿ ಊರಿನ ಯಾವುದೋ ಹಿತ್ತಲಲ್ಲಿ ನಾಗರಹಾವು ಕಂಡರೆ ಹಾವು ಹಿಡಿಯುವವರಿಗೆ ಫೋನ್ ಹೋಗುತ್ತದೆ. ಸ್ವಲ್ಪ ಹೊತ್ತಿಗೆ ಹಾವು ಡಬ್ಬಿಯೊಳಗೆ. ಬೆಳಗ್ಗೆ ಬಿಟ್ಟುಬಂದರೆ ಸರಿಯೇ. ಗಾಯವಾಗಿದೆ, ಮೊಟ್ಟೆ ಇಟ್ಟಿದೆ ಎಂದು ಎರಡು ದಿನ ಹೋಗಿ ಎರಡು ವಾರವಾದಾಗ, ಅದೇ ಡಬ್ಬಿಗೆ ಇನ್ನೊಂದು ಹಾವು ಬಿದ್ದಾಗ, ರೋಗಕ್ಕೆ ಬಾಗಿಲು ತೆರೆದಂತೆ. ಹಾವು ಹಿಡಿದ ವಿಡಿಯೊ ಎಲ್ಲರ ಮೊಬೈಲಿಗೂ ಬರುತ್ತದೆ. ಡಬ್ಬಿ ತೊಳೆದ ವಿಡಿಯೊವನ್ನು ಮಾತ್ರ ಯಾರೂ ಹಾಕುವುದಿಲ್ಲ. ಶ್ರಾವಣ ಬಂದರೆ ನಾಗರ ಪಂಚಮಿಗೆ ಹಾವಾಡಿಗರ ಬುಟ್ಟಿಗಳೂ ಸೇರಿಕೊಳ್ಳುತ್ತವೆ. ಅದಕ್ಕೇ ಈಗಲೇ ಈ ಮಾತು.

ಯಾವ ರೋಗ ಎನ್ನುತ್ತೀರಾ? ಎಂಟಮೀಬಾ ಇನ್ವೇಡೆನ್ಸ್ ಎಂಬ ಅಮೀಬಾ ಆಮೆಯ ಹೊಟ್ಟೆಯಲ್ಲಿ ಸಾಮಾನ್ಯವಾಗಿ ತೊಂದರೆ ಕೊಡದೆ ಇರುತ್ತದೆ. ಆ ಆಮೆಯ ನೀರಿಗೆ ಹಾವು ಬಾಯಿ ಹಾಕಿದರೆ ಕಥೆ ಬೇರೆ: ಮೊದಲು ದೊಡ್ಡ ಕರುಳಿನಲ್ಲಿ ಹುಣ್ಣು, ಆಮೇಲೆ ರಕ್ತದ ಮೂಲಕ ಯಕೃತ್ತಿಗೆ, ಮೂತ್ರಪಿಂಡಕ್ಕೆ. ಕಪ್ಪೆ ತಿನ್ನುವ ಹಾವುಗಳ ಮೂತ್ರನಾಳದಲ್ಲಿ ಚಪ್ಪಟೆ ಹುಳುಗಳು ನೆಲೆಸುವುದುಂಟು. ಬೋವಾ ಹಾವುಗಳಲ್ಲಿ ಕ್ಲೋಸಿಯೆಲ್ಲಾ ಎಂಬ ಏಕಕೋಶ ಜೀವಿ ನೇರವಾಗಿ ಕಿಡ್ನಿಯಲ್ಲೇ ಬೆಳೆಯುತ್ತದೆ. ಬೋವಾ ನಮ್ಮ ಕಡೆ ಎಲ್ಲಿಂದ ಬರಬೇಕು ಎನ್ನಬೇಡಿ. ಬೋವಾ ಕುಟುಂಬದ್ದೇ ಆದ ಹಳದಿ ಅನಕೊಂಡಾಗಳು, ಒಂದೆರಡಲ್ಲ, ಹತ್ತು, 2024ರ ಏಪ್ರಿಲ್‌ನಲ್ಲಿ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಬ್ಯಾಂಕಾಕ್‌ನಿಂದ ಬಂದವನ ಬ್ಯಾಗಿನಲ್ಲಿ ಸಿಕ್ಕವು.

ಹಾವು ನೋವು ತೋರಿಸಿಕೊಳ್ಳುವುದಿಲ್ಲ. ತಿನ್ನುವುದು ಬಿಟ್ಟು, ಬಾಲದ ಕಡೆಯ ಮೈ ಊದಿಕೊಳ್ಳುವ ಹೊತ್ತಿಗೆ ಕೆಲಸ ಕೆಟ್ಟಿರುತ್ತದೆ. ಆದರೆ ಹಿಕ್ಕೆ ಮೊದಲೇ ಹೇಳುತ್ತದೆ. ಹಾವಿಗೆ ಮೂತ್ರಕೋಶವಿಲ್ಲ; ಕಿಡ್ನಿಯಿಂದ ಬರುವ ಯೂರಿಕ್ ಆಮ್ಲ ಸುಣ್ಣದ ಮುದ್ದೆಯಂತೆ ಬೆಳ್ಳಗೆ, ಹಿಕ್ಕೆಯ ಜೊತೆಗೇ ಒಂದೇ ದ್ವಾರದಿಂದ ಬೀಳುತ್ತದೆ. ಹಾಗಾಗಿ ಕರುಳಿನ ಜೀವಿಗಳೂ ಕಿಡ್ನಿಯ ಹುಳುಗಳ ಮೊಟ್ಟೆಗಳೂ ಒಂದೇ ಚಿಟಿಕೆಯಲ್ಲಿ ಸಿಕ್ಕಬಹುದು. ಅದನ್ನು ಆರಲು ಬಿಡದೆ, ಬಿಳಿ ಭಾಗವನ್ನೂ ಸೇರಿಸಿ, ಮುಚ್ಚಳದ ಸಣ್ಣ ಡಬ್ಬಿಯಲ್ಲಿ ಪಶು ಆಸ್ಪತ್ರೆಗೆ ಒಯ್ದರೆ ಸೂಕ್ಷ್ಮದರ್ಶಕದ ಕೆಳಗೆ ನೋಡಬಹುದು. ಒಮ್ಮೆ ಏನೂ ಕಾಣಲಿಲ್ಲವೆಂದು ಸುಮ್ಮನಾಗಬಾರದು. ಮೊಟ್ಟೆಗಳು ದಿನವೂ ಬೀಳುವುದಿಲ್ಲ.

ಅಮೀಬಾಕ್ಕೆಂದು ಅಂಗಡಿಯಿಂದ ತಂದ ಮೆಟ್ರೊನಿಡಜೋಲ್ ಮಾತ್ರೆಯನ್ನು ಮನುಷ್ಯರ ಲೆಕ್ಕದಲ್ಲಿ ಕೊಡುವುದಂತೂ ಬೇಡ, ಪ್ರಮಾಣ ಮೀರಿದರೆ ಅದೇ ವಿಷ. ನೀರಿಲ್ಲದೆ ಬಳಲಿದ ಹಾವಿಗೆ ಜೆಂಟಾಮೈಸಿನ್ ಎಂಬ ಆ್ಯಂಟಿಬಯೋಟಿಕ್ ಚುಚ್ಚಿದರೆ ಉಳಿದ ಕಿಡ್ನಿಯೂ ಹೋಗುತ್ತದೆ. ಪಂಚಮಿಗೆಂದು ದಿನಗಟ್ಟಲೆ ಬಾಯಾರಿಸಿಟ್ಟ ನಾಗರದ ಗತಿಯನ್ನು ಇಲ್ಲೇ ಊಹಿಸಿಕೊಳ್ಳಿ. ಅದು ಹಾಲು ಕುಡಿಯುವುದು ಭಕ್ತಿಗಲ್ಲ, ದಾಹಕ್ಕೆ.

1972ರ ವನ್ಯಜೀವಿ ಕಾಯ್ದೆಯ ಪ್ರಕಾರ ನಾಗರವನ್ನಾಗಲಿ ಮಂಡಲದ ಹಾವನ್ನಾಗಲಿ ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಅರಣ್ಯ ಇಲಾಖೆಯ ಒಪ್ಪಿಗೆಯಿಂದ ಚಿಕಿತ್ಸೆಗೆ ಇಟ್ಟುಕೊಂಡವರು ಇಷ್ಟು ಮಾಡಲಿ: ಒಂದು ಹಾವಿಗೆ ಒಂದು ಡಬ್ಬಿ, ಒಂದು ನೀರಿನ ಬಟ್ಟಲು, ಒಂದು ಕೊಕ್ಕೆ. ಅಕ್ವೇರಿಯಂ ಅಂಗಡಿಯ ಆಮೆ ಹಾವಿರುವ ಕೋಣೆಗೆ ಬರಬಾರದು. ಡಬ್ಬಿ ಖಾಲಿಯಾದ ದಿನವೇ ಕುದಿನೀರು ಸುರಿದು ಉಜ್ಜಿ, ಬಿಸಿಲಿಗೆ ಬೋರಲು ಹಾಕಬೇಕು.