ತಾಲೀಮಿನಿಂದ ಮಕ್ಕಳು ಮನೆಗೆ ಏನು ತರಬೇಕು?

ಏಪ್ರಿಲ್ ಬಂತೆಂದರೆ ಕೊಲ್ಹಾಪುರ, ಇಚಲಕರಂಜಿ, ಗಡಹಿಂಗ್ಲಜದ ಬೀದಿಗಳ ತುಂಬ ಬೇಸಿಗೆ ಶಿಬಿರದ ಫಲಕಗಳು. ಕರಾಟೆ, ಲಾಠಿ, ದಾಂಡಪಟ್ಟಾ, ಕುಸ್ತಿ... ಹತ್ತು ದಿನ, ಹದಿನೈದು ದಿನ, ಊಟ ವಸತಿ ಸಹಿತ. ಶಿಸ್ತು ಕಲಿಸುತ್ತೇವೆ, ಆತ್ಮವಿಶ್ವಾಸ ಬೆಳೆಸುತ್ತೇವೆ ಎಂದು ಎಲ್ಲರೂ ಬರೆದುಕೊಂಡಿರುತ್ತಾರೆ. ನಮ್ಮ ಕನ್ನಡ ಶಾಲೆಗಳ ಪಾಲಕರೂ ಈಗ ಬಂದು ಕೇಳುತ್ತಾರೆ: "ಗುರುಗಳ, ಹುಡುಗನ್ನ ಕಳಸೂಣೇನ್ರಿ? ಹದಿನೈದ ದಿನದಾಗ ಸುಧಾರಸ್ತಾನಂತ!"

ಕಳಿಸಿ, ಬೇಡ ಅನ್ನುವುದಿಲ್ಲ. ಆದರೆ ಹದಿನೈದು ದಿನದಲ್ಲಿ ಸುಧಾರಿಸುವುದು ಹುಡುಗನ ಹಸಿವು ಮಾತ್ರ. ಉಳಿದದ್ದು ಆಮೇಲೆ ಮನೆಯಲ್ಲಿ, ಶಾಲೆಯಲ್ಲಿ ನಾವು ಏನು ಮಾಡುತ್ತೇವೆ ಎಂಬುದರ ಮೇಲೆ ನಿಂತಿದೆ. ಜೂನಿನಲ್ಲಿ ಶಾಲೆ ತೆರೆಯುವ ಹೊತ್ತಿಗೆ ಶಿಬಿರದ್ದೆಲ್ಲ ಮರೆತುಹೋಗಿ ಪ್ರಮಾಣಪತ್ರವೊಂದು ಗೋಡೆಗೆ ಉಳಿಯುವುದನ್ನು ನಾವು ವರ್ಷವರ್ಷವೂ ನೋಡುತ್ತಿದ್ದೇವೆ.

ನಮಗೆ ದೂರ ಹೋಗಬೇಕಾದ್ದೇನಿಲ್ಲ. ಪ್ರಮಾಣಪತ್ರ ಕೊಡದ ತರಬೇತಿ ಶಿಬಿರಗಳು ಕೊಲ್ಹಾಪುರದಲ್ಲಿ ನೂರು ವರ್ಷಕ್ಕೂ ಹಿಂದಿನಿಂದ ನಡೆದಿವೆ. ಮೋತಿಬಾಗ, ಗಂಗಾವೇಸ, ಶಾಹುಪುರಿ ತಾಲೀಮುಗಳ ಹೆಸರು ಕೇಳದವರು ಈ ಭಾಗದಲ್ಲಿ ಕಡಿಮೆ. ಕನ್ನಡದಲ್ಲಿ ತಾಲೀಮು ಎಂದರೆ ಅಭ್ಯಾಸ. ಇಲ್ಲಿ ತಾಲೀಮು ಎಂದರೆ ಒಂದು ಮನೆ, ನಮ್ಮ ಗರಡಿಮನೆ. ಉರ್ದುವಿನಲ್ಲಿ ತಾಲೀಮ್ ಅಂದರೆ ಶಿಕ್ಷಣವೇ! ಹಾಗೆ ನೋಡಿದರೆ ನಾವೂ ಅವರೂ ಒಂದೇ ಕಸುಬಿನವರು. ಛತ್ರಪತಿ ಶಾಹು ಮಹಾರಾಜರಿಗೂ ಇವೆರಡು ಬೇರೆಬೇರೆಯಾಗಿ ಕಂಡಿರಲಿಕ್ಕಿಲ್ಲ. ಬೇರೆಬೇರೆ ಸಮಾಜದ ಬಡ ಹುಡುಗರಿಗಾಗಿ ವಸತಿಗೃಹಗಳನ್ನು ತೆರೆಸಿದವರೂ ಅವರೇ, 1917ರಲ್ಲಿ ತಮ್ಮ ಸಂಸ್ಥಾನದಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮತ್ತು ಉಚಿತ ಮಾಡಿದವರೂ ಅವರೇ, 1912ರಲ್ಲಿ ಖಾಸಬಾಗ ಮೈದಾನ ಕಟ್ಟಿಸಿದವರೂ ಅವರೇ. 1902ರ ಯುರೋಪ ಪ್ರವಾಸದಲ್ಲಿ ರೋಮಿನ ಹಳೆಯ ಕ್ರೀಡಾಂಗಣ ನೋಡಿ ಬಂದದ್ದು ಅವರ ಮನಸ್ಸಿನಲ್ಲಿತ್ತು ಎನ್ನುತ್ತಾರೆ. ಕಣ ನಡುವೆ ತಗ್ಗಿನಲ್ಲಿ, ಜನ ಸುತ್ತಲೂ ಇಳಿಜಾರಿನಲ್ಲಿ. ಕಟ್ಟಕಡೆಗೆ ಕೂತವನಿಗೂ ಕುಸ್ತಿ ಪೂರ್ತಿ ಕಾಣುತ್ತದೆ. ನಮ್ಮ ವರ್ಗಕೋಣೆಗಳನ್ನು ಕಟ್ಟುವವರು ಒಮ್ಮೆ ಹೋಗಿ ನೋಡಿ ಬಂದರೆ ಒಳ್ಳೆಯದು.

ತಾಲೀಮಿನ ದಿನಚರಿ ಎಲ್ಲರಿಗೂ ಗೊತ್ತಿದ್ದದ್ದೇ. ಸೂರ್ಯ ಹುಟ್ಟುವ ಮೊದಲೇ ಏಳಬೇಕು, ಜೋರ್-ಬೈಠಕ್ ಹೊಡೆಯಬೇಕು, ಕುಸ್ತಿ ಹಿಡಿಯಬೇಕು, ತಮ್ಮ ಅಡಿಗೆ ತಾವೇ ಮಾಡಿಕೊಳ್ಳಬೇಕು, ಸಂಜೆ ಮತ್ತೆ ಕಣಕ್ಕಿಳಿಯಬೇಕು. ನಮ್ಮ ಕಣ್ಣು ನಿಲ್ಲುವುದು ಇದಕ್ಕಿಂತ ಸಣ್ಣ ಒಂದು ಸಂಗತಿಯ ಮೇಲೆ. ಕುಸ್ತಿಗೆ ಮೊದಲು ಹುಡುಗರೇ ಕಣದ ಕೆಂಪುಮಣ್ಣನ್ನು ಅಗೆದು, ಹೆಂಟೆ ಒಡೆದು, ಹದ ಮಾಡುತ್ತಾರೆ. ಆ ಮಣ್ಣಿಗೆ ಮಜ್ಜಿಗೆ, ಎಣ್ಣೆ, ಅರಿಷಿಣ, ನಿಂಬೆರಸ, ಕರ್ಪೂರ ಬೆರೆತಿರುತ್ತವೆ. ಎಷ್ಟೇ ದೊಡ್ಡ ಪೈಲ್ವಾನನಾದರೂ ಒಂದು ದಿನ ಗುದ್ದಲಿ ಹಿಡಿದೇ ಮೇಲೆ ಬಂದವನು. ತಾನು ಬೀಳುವ ನೆಲವನ್ನು ತಾನೇ ಮೆತ್ತಗೆ ಮಾಡಿಕೊಳ್ಳುವುದು! ಇತ್ತ ನಮ್ಮ ಶಾಲೆಗಳಲ್ಲಿ ಮಗು ತನ್ನ ಬೆಂಚಿನ ಧೂಳು ಒರೆಸಿದರೂ "ಕಸಾ ಹೊಡ್ಯಾಕ ಕಳಿಸೀವೇನ್ರಿ?" ಎಂದು ಬಂದು ನಿಲ್ಲುವ ಪಾಲಕರಿದ್ದಾರೆ. ಮಕ್ಕಳಿಂದ ಶೌಚಾಲಯ ತೊಳೆಸುವ ಶಾಲೆಗಳ ಮೇಲೆ ಸಿಟ್ಟು ಬರಲೇಬೇಕು, ಅದು ಬೇರೆ ಮಾತು. ತನ್ನ ಪಾಟಿಚೀಲ, ತನ್ನ ಊಟದ ತಟ್ಟೆ, ತಾನು ಕೂರುವ ಜಾಗ ಇಷ್ಟನ್ನು ನೋಡಿಕೊಳ್ಳುವುದು ಕೂಲಿ ಕೆಲಸವಲ್ಲ.

ಇನ್ನೊಂದು, ವಸ್ತಾದರು ಕಲಿಸುವ ರೀತಿ. ಒಬ್ಬ ವಸ್ತಾದರು ಮೂವತ್ತು ನಲವತ್ತು ಹುಡುಗರೊಂದಿಗೆ ತಾವೇ ಕುಸ್ತಿ ಹಿಡಿಯಲಾಗುವುದಿಲ್ಲ. ಎರಡು ವರ್ಷ ಹಳಬ ಹೊಸಬನಿಗೆ ಪಟ್ಟು ತೋರಿಸುತ್ತಾನೆ, ಹಳಬನಿಗೆ ಅವನಿಗಿಂತ ಹಿರಿಯ. ವಸ್ತಾದರು ಕಟ್ಟೆಯ ಮೇಲೆ ಕೂತು ಕಣ್ಣಿಟ್ಟಿರುತ್ತಾರೆ, ತಪ್ಪಿದಲ್ಲಿ ಒಂದೇ ಮಾತು. ಪಟಸಂಖ್ಯೆ ಇಳಿದು ಒಬ್ಬಿಬ್ಬರು ಶಿಕ್ಷಕರೇ ಮೂರು ನಾಲ್ಕು ವರ್ಗ ನೋಡಿಕೊಳ್ಳುವ ಗಡಿಭಾಗದ ಶಾಲೆಗಳಲ್ಲಿ ಈ ರೀತಿ ಬಹಳ ಉಪಯೋಗಕ್ಕೆ ಬರುತ್ತದೆ. ನಾಲ್ಕನೆಯ ಇಯತ್ತೆಯ ಹುಡುಗಿ ಎರಡನೆಯದರ ಹುಡುಗನಿಗೆ ಒತ್ತಕ್ಷರ ಕಲಿಸುವಾಗ ತಾನೂ ಗಟ್ಟಿಯಾಗುತ್ತಾಳೆ. ಹೀಗೆಂದ ಮಾತ್ರಕ್ಕೆ ಖಾಲಿ ಹುದ್ದೆ ತುಂಬಬೇಡಿ ಎಂದು ನಾವು ಹೇಳಿದಂತಲ್ಲ! ಅಧಿಕಾರಿಗಳು ಈ ಸಾಲನ್ನಷ್ಟೇ ಹಿಡಿದುಕೊಳ್ಳದಿದ್ದರೆ ಸಾಕು.

ಜಾತ್ರೆಯ ಕುಸ್ತಿ ನೋಡಿದವರಿಗೆ ಜೋಡ ಕಟ್ಟುವುದು ಗೊತ್ತು. ಹಿರಿಯರು ಹುಡುಗರನ್ನು ಎದುರುಬದುರು ನಿಲ್ಲಿಸಿ, ಎತ್ತರ, ತೂಕ, ಎಷ್ಟು ವರ್ಷದ ಸಾಮು ಎಂಬುದೆಲ್ಲ ನೋಡಿ ಸರಿಸಮನಾದವರನ್ನಷ್ಟೇ ಕಣಕ್ಕೆ ಬಿಡುತ್ತಾರೆ. ಈ ವಿವೇಕ ಹಳೆಯದು. ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ 'ಮಾನಸೋಲ್ಲಾಸ'ದಲ್ಲಿ ಮಲ್ಲವಿನೋದ ಎಂಬ ಭಾಗವೇ ಇದೆ. ಮಲ್ಲರನ್ನು ವಯಸ್ಸು, ಬಲ ನೋಡಿ ವಿಂಗಡಿಸುವುದು, ಅವರ ಆಹಾರ, ಅಭ್ಯಾಸ ಎಲ್ಲ ಅಲ್ಲಿ ಬರುತ್ತದೆ. ಒಂಬತ್ತು ನೂರು ವರ್ಷದ ಹಿಂದಿನ ರಾಜನಿಗೆ ತಿಳಿದದ್ದು ನಮಗೆ ಮಕ್ಕಳ ಮಾರ್ಕ್ಸ್ ಕಾರ್ಡ್ ಬಂದ ದಿನ ಮರೆತುಹೋಗುತ್ತದೆ. ಮನೆಯಲ್ಲಿ ಅಕ್ಷರ ಹೇಳಿಕೊಡುವವರಿಲ್ಲದ, ಕನ್ನಡ-ಮರಾಠಿ-ಹಿಂದಿ-ಇಂಗ್ಲಿಷ್ ನಾಲ್ಕನ್ನೂ ಎಳೆಯುವ ನಮ್ಮ ಹುಡುಗನನ್ನು, ಟ್ಯೂಷನ್‌ಗೆ ಹೋಗುವ ಪಕ್ಕದ ಮನೆಯವನ ಜೊತೆ ನಿಲ್ಲಿಸಿ "ನೋಡ ಅವನ್ನ" ಎನ್ನುತ್ತೇವೆ. ಜಾತ್ರೆಯಲ್ಲಿ ಇಂಥ ಜೋಡ ಕಟ್ಟಿದರೆ ಜನ ಎದ್ದು ಗದ್ದಲ ಹಾಕುತ್ತಾರೆ. ಹೋದ ಪರೀಕ್ಷೆಯ ಅವನ ಜೊತೆ ಈ ಪರೀಕ್ಷೆಯ ಅವನ ಜೋಡ ಕಟ್ಟಿ, ಸಾಕು.

ಸೋಲಿನ ಮಾತೂ ಇಲ್ಲೇ ಬರುತ್ತದೆ. ತಾಲೀಮಿನ ಹುಡುಗ ದಿನಕ್ಕೆ ಹತ್ತು ಸಲ ಚಿತ್ ಆಗುತ್ತಾನೆ, ಮಣ್ಣು ಕೊಡವಿಕೊಂಡು ಏಳುತ್ತಾನೆ, ಕೆಡವಿದವನ ಬೆನ್ನಿನ ಮಣ್ಣನ್ನು ತಾನೇ ಒರೆಸುತ್ತಾನೆ. ನಮ್ಮ ವರ್ಗದಲ್ಲಿ ಒಂದು ಗಣಿತ ಪರೀಕ್ಷೆ ಕೆಟ್ಟರೆ ಮೂರು ದಿನ ಶಾಲೆಗೇ ಬರದ ಮಕ್ಕಳಿದ್ದಾರೆ. ಬೀಳುವುದನ್ನು ಮೊದಲು ಕಲಿಸಿ ಆಮೇಲೆ ಕೆಡವುವುದನ್ನು ಕಲಿಸುವ ಪಾಠಕ್ರಮ ನಮ್ಮಲ್ಲಿಲ್ಲ. ತಮಾಷೆಯೆಂದರೆ ನಮ್ಮ ಭಾಷೆಗೆ ಇದೆಲ್ಲ ಗೊತ್ತು. ಪಟ್ಟು ಹಿಡಿ, ತೊಡೆ ತಟ್ಟು, ಕಣಕ್ಕಿಳಿ, ಮಣ್ಣು ಮುಕ್ಕು, ಗರಡಿಯಲ್ಲಿ ಪಳಗು... ಕನ್ನಡದ ಅರ್ಧ ಧೈರ್ಯ ಗರಡಿಮನೆಯಿಂದ ಬಂದದ್ದು. ವ್ಯಾಕರಣದ ತಾಸಿನಲ್ಲಿ ನುಡಿಗಟ್ಟು ಬಾಯಿಪಾಠ ಮಾಡಿಸುವ ಬದಲು ಮಕ್ಕಳನ್ನು ಒಮ್ಮೆ ತಾಲೀಮಿಗೆ ಕರೆದೊಯ್ದು ನೋಡಿ.

ಗಡಿಯ ಮಾತು ಬಂದಾಗಲೆಲ್ಲ ನಮಗೆ ನೆನಪಾಗುವವರು ಶ್ರೀಪತಿ ಖಂಚನಾಳೆ. ಚಿಕ್ಕೋಡಿ ಭಾಗದ ಯಕ್ಸಂಬಾದವರು, ಕೊಲ್ಹಾಪುರಕ್ಕೆ ಬಂದು ಶಾಹುಪುರಿ ತಾಲೀಮಿನಲ್ಲಿ ಪಳಗಿದವರು. 1959ರಲ್ಲಿ ದಿಲ್ಲಿಯಲ್ಲಿ ಪಂಜಾಬಿನ ಬಂತಾಸಿಂಗರನ್ನು ಕೆಡವಿ ಹಿಂದ್ ಕೇಸರಿಯಾದರು. 2020ರ ಡಿಸೆಂಬರಿನಲ್ಲಿ ತೀರಿಕೊಂಡಾಗ ಗಡಿಯ ಎರಡೂ ಬದಿಯ ಜನ ಅವರನ್ನು ತಮ್ಮವರೆಂದರು.

ಖಾಶಾಬಾ ಜಾಧವರ ಕಥೆಯನ್ನೂ ಮಕ್ಕಳಿಗೆ ಪೂರ್ತಿಯಾಗಿ ಹೇಳಬೇಕು. ಕರಾಡ ಹತ್ತಿರದ ಗೋಳೇಶ್ವರದವರು, ಕೊಲ್ಹಾಪುರದ ರಾಜಾರಾಮ ಕಾಲೇಜಿನಲ್ಲಿ ಓದಿದವರು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಆರನೆಯ ಸ್ಥಾನ. 1952ರಲ್ಲಿ ಹೆಲ್ಸಿಂಕಿಗೆ ಹೋಗಲು ಹಣವಿಲ್ಲದಾಗ ಕಾಲೇಜಿನ ಪ್ರಾಚಾರ್ಯರಾಗಿದ್ದ ಖರ್ಡೇಕರರು ತಮ್ಮ ಮನೆ ಒತ್ತೆಯಿಟ್ಟು ಏಳು ಸಾವಿರ ರೂಪಾಯಿ ಕೊಟ್ಟರು. ಅಲ್ಲಿ ಜಪಾನಿನ ಇಶಿಯಿ ಅವರೊಡನೆ ದೀರ್ಘ ಕುಸ್ತಿ ಮುಗಿದ ಕೂಡಲೇ ಸೋವಿಯತ್ ಮಲ್ಲನ ಎದುರು ಇಳಿ ಎಂದರು. ನಡುವೆ ಅರ್ಧ ತಾಸು ವಿಶ್ರಾಂತಿಯ ನಿಯಮವಿತ್ತು. ಆದರೆ ಅದನ್ನು ಎತ್ತಿ ಹೇಳಲು ನಮ್ಮ ಅಧಿಕಾರಿ ಒಬ್ಬರೂ ಅಲ್ಲಿರಲಿಲ್ಲ. ದಣಿದ ಮೈಯಲ್ಲೇ ಇಳಿದರು, ಸೋತರು, ಕಂಚು ತಂದರು. ಸ್ವತಂತ್ರ ಭಾರತದ ಮೊದಲ ವೈಯಕ್ತಿಕ ಒಲಿಂಪಿಕ್ ಪದಕ ಅದು. ಊರಿಗೆ ಬಂದು ಕುಸ್ತಿಗಳನ್ನು ಏರ್ಪಡಿಸಿ, ಬಂದ ಹಣದಿಂದ ಗುರುಗಳ ಸಾಲ ತೀರಿಸಿದರು.

ಮಕ್ಕಳಿಗೆ ಪದಕದ ಭಾಗ ಬೇಗ ತಿಳಿಯುತ್ತದೆ. ಪಾಲಕರಿಗೆ ನಾವು ಹೇಳುವುದು ನಿಯಮದ ಭಾಗ. ಪಠ್ಯಪುಸ್ತಕ ತಡವಾದಾಗ, ಕನ್ನಡ ಬಲ್ಲ ಶಿಕ್ಷಕರ ಹುದ್ದೆ ಖಾಲಿ ಉಳಿದಾಗ, ಮರಾಠಿಯಲ್ಲಿ ಮಾತ್ರ ಬಂದ ಸುತ್ತೋಲೆ ಓದುವವರಿಲ್ಲದಾಗ, ನಿಯಮ ನಮ್ಮ ಪರವಾಗಿಯೇ ಇರಬಹುದು. ಎದ್ದು ನಿಂತು ಅದನ್ನು ಹೇಳುವವರು ಬೇಕು. ಶಾಲಾ ವ್ಯವಸ್ಥಾಪನ ಸಮಿತಿಯ ಸಭೆಗೆ ಸಹಿ ಹಾಕಿ ಹೋಗುವ ಪಾಲಕರು ಕೊನೆಯವರೆಗೂ ಕೂರಬೇಕು.

ತಾಲೀಮನ್ನು ಹೊಗಳುತ್ತ ಎಲ್ಲವನ್ನೂ ಒಪ್ಪಲಾಗದು. "ಸಾಲಿ ಬಿಡಸ್ತೀವ್ರಿ, ಪೈಲ್ವಾನ ಆಗ್ತಾನ" ಎಂದು ಏಳನೆಯ ಇಯತ್ತೆಯ ಹುಡುಗನ ದಾಖಲೆ ಕೇಳಲು ಬರುವವರಿಗೆ ನಾವು ಖಾಶಾಬಾ ಕಾಲೇಜು ಓದಿದ್ದನ್ನೇ ತೋರಿಸುತ್ತೇವೆ. ಇಪ್ಪತ್ತನೆಯ ವಯಸ್ಸಿಗೆ ಮೊಣಕಾಲು ಹೋದರೆ ಕೈಯಲ್ಲಿ ಏನಿರುತ್ತದೆ? ಬೇಗ ಮೈ ಬೆಳೆಸುವ ಪುಡಿ, ಸೂಜಿಗಳ ಮಾತು ಆಡುವ ಶಿಬಿರದ ಕಡೆಗೆ ಮುಖ ಹಾಕಬೇಡಿ. ಶಿಸ್ತೆಂದರೆ ಹೊಡೆತ ಎಂದು ತಿಳಿದ ತರಬೇತುದಾರನ ಕಡೆಗೂ ಬೇಡ. ಹುಡುಗಿಯರನ್ನು ಬಿಟ್ಟು ಬರೀ ಹುಡುಗರನ್ನು ಕಳಿಸುವುದೂ ಇನ್ನು ಸಾಕು. 2004ರಿಂದ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಕುಸ್ತಿ ಇದೆ, 2016ರಲ್ಲಿ ಸಾಕ್ಷಿ ಮಲಿಕ್ ಕಂಚು ತಂದಿದ್ದಾರೆ.

ನಸುಕಿನಲ್ಲಿ ಏಳಿಸುವ ವಿಷಯದಲ್ಲಿಯೂ ಸ್ವಲ್ಪ ನಿಧಾನ. ಇಚಲಕರಂಜಿಯಲ್ಲಿ ಅಪ್ಪ ರಾತ್ರಿಪಾಳಿ ಮುಗಿಸಿ ಮಗ್ಗದಿಂದ ಬರುವುದೇ ಬೆಳಗಿಗೆ. ಒಂದೇ ಕೋಣೆಯ ಮನೆ, ಮಗು ನಾಲ್ಕಕ್ಕೆ ದೀಪ ಹಾಕಿ ದಂಡ ಹೊಡೆಯಲು ಎಲ್ಲಿ ಜಾಗ? ಕಬ್ಬಿನ ಹಂಗಾಮಿನಲ್ಲಿ ಗಡಹಿಂಗ್ಲಜದ ಹಳ್ಳಿಗಳಲ್ಲೂ ಹೊತ್ತುಗೊತ್ತು ಇರುವುದಿಲ್ಲ. ಇಂಥ ಮನೆಗಳಿಗೆ ನಾವು ಹೇಳುವುದಿಷ್ಟೇ: ಗಂಟೆ ಯಾವುದಾದರೂ ಇರಲಿ, ದಿನವೂ ಅದೇ ಇರಲಿ. ಸಂಜೆ ಏಳರಿಂದ ಅರ್ಧ ತಾಸು ಅಂದರೆ ಅರ್ಧ ತಾಸು. ಆ ಹೊತ್ತಿನಲ್ಲಿ ಟಿವಿ, ಮೊಬೈಲು ಬಂದ್.

ಈ ಸಲ ಶಿಬಿರಕ್ಕೆ ಹೋಗಿ ಬರುವ ಮಕ್ಕಳ ಹೆಸರನ್ನು ಶಾಲೆ ತೆರೆದ ಮೊದಲ ವಾರದಲ್ಲೇ ವರ್ಗಶಿಕ್ಷಕರಿಗೆ ತಿಳಿಸಿ. ಶನಿವಾರದ ಕವಾಯತಿನ ಹೊತ್ತಿನಲ್ಲಿ ಅವರು ಕಲಿತದ್ದನ್ನು ತಮಗಿಂತ ಸಣ್ಣ ವರ್ಗದವರಿಗೆ ಕಲಿಸಲಿ, ಪ್ರಾರ್ಥನೆಯಾದ ಮೇಲೆ ಇಪ್ಪತ್ತು ನಿಮಿಷ. ಮೈದಾನದ ಕಲ್ಲುಗಳನ್ನು ಅದಕ್ಕಿಂತ ಮೊದಲು ಆರಿಸಬೇಕಾಗುತ್ತದೆ, ಒಂದು ಭಾನುವಾರ ಪಾಲಕರೂ ಗುದ್ದಲಿ ತಂದರೆ ಬೇಗ ಮುಗಿಯುತ್ತದೆ.