ಗೃಹಸ್ಥರೊಡನೆ ಎರಡು ಮಾತು: ತಗಡಿನ ಕವಚವೂ ತಿರುಪಿನ ಗುಣವೂ

ಕಾಡುಗುಡ್ಡಗಳ ಹಾದಿಯಲ್ಲಿ ಓಡಾಡತಕ್ಕ ಜೀಪಿನಂತಹ ವಾಹನಗಳನ್ನು ಈಗ ಪಟ್ಟಣದ ಗೃಹಸ್ಥರೂ ಇಟ್ಟುಕೊಳ್ಳುವುದುಂಟು. ಅವುಗಳಲ್ಲಿ ಕೆಲವಕ್ಕೆ ಮುಂದಿನ ಮಡ್‌ಗಾರ್ಡುಗಳ ಮೇಲೆ ಉಬ್ಬುಗೆರೆಗಳುಳ್ಳ ಹೊಳೆಯುವ ತಗಡನ್ನು ಹೊದಿಸಿರುವುದನ್ನು ವಾಚಕರು ನೋಡಿರಬಹುದು. ಇದನ್ನು ಅಲಂಕಾರವೆಂದು ತಿಳಿಯುವವರು ಬಹುಮಂದಿ. ಅಲಂಕಾರಕ್ಕಾಗಿಯೇ ಹಾಕಿಸುವವರೂ ಇಲ್ಲದಿಲ್ಲ. ಆದರೆ ಇದರ ನಿಜವಾದ ಉದ್ದೇಶ ರಕ್ಷಣೆ. ಹೀಗೆ ರಕ್ಷಣೆಗೆಂದು ಹೊದಿಸಿದ ಕವಚವೇ ಬೇಲಿಯೆದ್ದು ಹೊಲ ಮೇಯ್ದಂತೆ ಅಡಿಯ ಲೋಹವನ್ನು ತಿನ್ನುವ ಸಂದರ್ಭವುಂಟೆಂಬುದನ್ನೂ, ಅದನ್ನು ತಪ್ಪಿಸುವ ಉಪಾಯ ಸುಲಭವಾದುದೆಂಬುದನ್ನೂ ಈ ತಿಂಗಳು ಅರಿಕೆಮಾಡಬೇಕೆಂದಿದ್ದೇವೆ.

ಈ ತಗಡಿಗೆ ಬಹಳ ಪ್ರಸಿದ್ಧವಾದ ನೆಲೆಯೆಂದರೆ ಇಂಗ್ಲೆಂಡಿನ ಲ್ಯಾಂಡ್ ರೋವರ್ ವಾಹನ. ಅದು 1948ರ ಏಪ್ರಿಲ್ 30ರಂದು ಆಮ್‌ಸ್ಟರ್‌ಡ್ಯಾಂ ನಗರದ ಮೋಟಾರು ಪ್ರದರ್ಶನದಲ್ಲಿ ಮೊದಲು ಜನರ ಕಣ್ಣಿಗೆ ಬಿದ್ದಿತು. ಎರಡನೆಯ ಮಹಾಯುದ್ಧ ಮುಗಿದು ಮೂರು ವರ್ಷಗಳೂ ಆಗಿರಲಿಲ್ಲ. ಆ ದೇಶದಲ್ಲಿ ಉಕ್ಕಿನ ಅಭಾವವಿದ್ದು, ಸರ್ಕಾರದವರು ಅದನ್ನು ಅಳೆದು ಕೊಡುತ್ತಿದ್ದರು. ಆದುದರಿಂದ ವಾಹನದ ಚೌಕಟ್ಟನ್ನು ಉಕ್ಕಿನಿಂದ ಮಾಡಿ, ಹೊರಮೈಯನ್ನು ಅಲ್ಯುಮಿನಿಯಂ ಮಿಶ್ರಲೋಹದಿಂದ ಮಾಡಿದರು. ಈ ಲೋಹ ಹಗುರ, ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯದು, ಆದರೆ ಮೆತು. ಮಡ್‌ಗಾರ್ಡಿನ ಮೇಲ್ಭಾಗವೋ ಮಣೆಯಂತೆ ಸಮತಟ್ಟು. ಛಾವಣಿಯ ಮೇಲೆ ಸಾಮಾನು ಕಟ್ಟುವವನು ಅಲ್ಲಿ ಕಾಲಿಡದೆ ಬಿಡನು. ಇಟ್ಟರೆ ತಗ್ಗು ಬೀಳದೆ ಇರದು. ಎರಡು ಮೂರು ಮಿಲಿಮೀಟರು ದಪ್ಪದ ಗೆರೆತಗಡನ್ನು ಅದರ ಮೇಲೆ ಕೂಡಿಸಿದರೆ, ಕಾಲಿನ ಭಾರ ಹರಡಿಕೊಳ್ಳುವುದು. ಉಬ್ಬುಗೆರೆಗಳಿಂದ ಕಾಲು ಜಾರದು. ಆ ವಂಶದ ಕೊನೆಯ ವಾಹನ ಸಾಲಿಹಲ್ ಕಾರ್ಖಾನೆಯಿಂದ 2016ರ ಜನವರಿಯಲ್ಲಿ ಹೊರಬಿದ್ದಿತು.

ತಗಡು ತಾನಾಗಿಯೇ ನಿಲ್ಲದು. ತಿರುಪು, ಬೋಲ್ಟು ಇಲ್ಲವೆ ರಿವೆಟ್ಟುಗಳಿಂದ ಅದನ್ನು ಬಿಗಿಯಬೇಕು. ಕೇಡು ಹೊಗುವುದು ಇಲ್ಲಿಯೇ. ಅಂಗಡಿಯಲ್ಲಿ ತಗಡಿನ ದಪ್ಪವೆಷ್ಟು, ಹೊಳಪೆಷ್ಟು ಎಂದು ವಿಚಾರಿಸುವ ಗೃಹಸ್ಥನು ತಿರುಪು ಯಾವ ಲೋಹದ್ದೆಂದು ಕೇಳುವುದು ಅಪೂರ್ವ. ಈ ಉಪೇಕ್ಷೆಯ ಫಲವೇನೆಂಬುದನ್ನು ಒಂದು ಹಡಗಿನ ವೃತ್ತಾಂತ ಚೆನ್ನಾಗಿ ತಿಳಿಸುವುದು.

ಹಿಂದೆ ಸಮುದ್ರದ ಹುಳುಗಳು ಹಡಗುಗಳ ಮರವನ್ನು ಕೊರೆದು ಹಾಳುಮಾಡುತ್ತಿದ್ದವು. ಇದಕ್ಕೆ ಪ್ರತೀಕಾರವಾಗಿ ಬ್ರಿಟಿಷ್ ನೌಕಾಪಡೆಯವರು 1761ರಲ್ಲಿ ‘ಅಲಾರಂ’ ಎಂಬ ಯುದ್ಧನೌಕೆಯ ಅಡಿಭಾಗಕ್ಕೆ ತೆಳುವಾದ ತಾಮ್ರದ ತಗಡನ್ನು ಹೊದಿಸಿ, ಕಬ್ಬಿಣದ ಮೊಳೆಗಳಿಂದ ಬಡಿದು, ವೆಸ್ಟ್ ಇಂಡೀಸ್ ದ್ವೀಪಗಳ ಕಡೆಗೆ ಕಳುಹಿದರು. 1763ರಲ್ಲಿ ಪರೀಕ್ಷಿಸಿ ನೋಡಲಾಗಿ, ತಾಮ್ರಕ್ಕೆ ತಗುಲಿದ್ದ ಮೊಳೆಗಳು ಸವೆದುಹೋಗಿ, ಹಲವು ಕಡೆ ತಗಡೇ ಕಳಚಿಕೊಂಡಿದ್ದಿತು. ಆಶ್ಚರ್ಯವೇನೆಂದರೆ, ಕೆಲವು ಮೊಳೆಗಳು ಮಾತ್ರ ಗಟ್ಟಿಯಾಗಿಯೇ ಉಳಿದಿದ್ದವು. ತಾಮ್ರದ ತಗಡುಗಳನ್ನು ಸುತ್ತಿ ತಂದಿದ್ದ ಕಂದು ಕಾಗದ ಆ ಮೊಳೆಗಳಿಗೂ ತಾಮ್ರಕ್ಕೂ ನಡುವೆ ಸಿಕ್ಕಿಕೊಂಡಿದ್ದುದೇ ಇದಕ್ಕೆ ಕಾರಣವೆಂದು ಪರೀಕ್ಷಕರು ಕಂಡುಕೊಂಡರು. ತಾಮ್ರವೂ ಕಬ್ಬಿಣವೂ ಕಡಲ ನೀರಿನಲ್ಲಿ ಒಂದನ್ನೊಂದು ಮುಟ್ಟಕೂಡದೆಂಬ ಪಾಠವನ್ನು ಕಲಿಸಿದುದು ಒಂದು ಚೂರು ಕಾಗದ!

ಆ ದಿನ ಕಾರಣ ತಿಳಿದಿರಲಿಲ್ಲ. ಇಟಲಿ ದೇಶದ ಗ್ಯಾಲ್ವನಿ 1791ರಲ್ಲಿ ತನ್ನ ಪ್ರಯೋಗಗಳನ್ನು ಪ್ರಕಟಿಸಿ, ವೋಲ್ಟಾ 1800ರಲ್ಲಿ ಎರಡು ಬಗೆಯ ಲೋಹಗಳ ಬಿಲ್ಲೆಗಳಿಂದ ವಿದ್ಯುತ್ತನ್ನು ಹುಟ್ಟಿಸಿ ತೋರಿಸಿದ ಬಳಿಕ ಮರ್ಮ ಬೆಳಕಿಗೆ ಬಂದಿತು. ಎರಡು ಭಿನ್ನ ಲೋಹಗಳು ಒಂದನ್ನೊಂದು ಮುಟ್ಟಿರುವಲ್ಲಿ ಉಪ್ಪು ಬೆರೆತ ನೀರು ನಿಂತರೆ, ಅದು ಒಂದು ಪುಟ್ಟ ಬ್ಯಾಟರಿಯೇ ಆಗುವುದು. ವಿದ್ಯುತ್ತು ಹರಿಯುತ್ತಿರುವಷ್ಟು ಕಾಲ ಅವೆರಡರಲ್ಲಿ ಹೀನವಾದ ಲೋಹ ಕರಗುತ್ತಲೂ, ಶ್ರೇಷ್ಠವಾದುದು ಉಳಿಯುತ್ತಲೂ ಇರುವುದು. ಸತುವು, ಅಲ್ಯುಮಿನಿಯಂ, ಕಬ್ಬಿಣ, ತಾಮ್ರ ಎಂದು ಕೆಳಗಿನಿಂದ ಮೇಲಕ್ಕೆ ಇವುಗಳ ತಾರತಮ್ಯ; ತುಕ್ಕು ಹಿಡಿಯದ ಸ್ಟೇನ್‌ಲೆಸ್ ಉಕ್ಕೂ ಸಾಮಾನ್ಯವಾಗಿ ಮೇಲಿನವರ ಪಂಕ್ತಿಯಲ್ಲಿಯೇ ಕುಳಿತುಕೊಳ್ಳುವುದು. ಕರಗತಕ್ಕ ಲೋಹ ಚಿಕ್ಕದಾಗಿ, ಉಳಿಯತಕ್ಕ ಲೋಹ ವಿಶಾಲವಾಗಿದ್ದರೆ ನಾಶ ಅತಿ ಶೀಘ್ರ. ಹಡಗಿನ ಮೊಳೆಗಳ ಗತಿ ಅದೇ.

ವ್ಯಾಕರಣ ಓದಿದವರಿಗೆ ಇದನ್ನು ಇನ್ನೂ ಸುಲಭವಾಗಿ ಹೇಳಬಹುದು. ಎರಡು ಸ್ವರಗಳು ಕೂಡಿದಲ್ಲಿ ಒಂದು ಲೋಪವಾಗುವುದನ್ನು ಮಕ್ಕಳೂ ಬಲ್ಲರು. ಲೋಹಗಳ ಸಂಧಿಯೂ ಲೋಪಸಂಧಿಯೇ. ಎರಡೂ ತಮ್ಮ ತಮ್ಮ ರೂಪದಲ್ಲಿಯೇ ನಿಲ್ಲುವ ಪ್ರಕೃತಿಭಾವ ಬೇಕಾದರೆ, ಅವು ಮುಟ್ಟದಂತೆ ನಡುವೆ ಏನನ್ನಾದರೂ ಇಡಬೇಕು.

ಇನ್ನು ವಾಹನಕ್ಕೆ ಬರೋಣ. ಅಲ್ಯುಮಿನಿಯಂ ಮೈಗೆ ಉಕ್ಕಿನ ತಿರುಪನ್ನು ನೇರವಾಗಿ ಬಿಗಿದರೆ, ಕರಗುವುದು ತಿರುಪಲ್ಲ, ಅದರ ಸುತ್ತಲಿನ ಮೈ. ಮೊದಲು ತಿರುಪಿನ ಸುತ್ತ ಬಣ್ಣ ಗುಳ್ಳೆಯೇಳುವುದು; ಆಮೇಲೆ ಹಿಟ್ಟಿನಂತಹ ಬಿಳಿಯ ಪುಡಿ ಉದುರುವುದು; ಕೊನೆಗೆ ರಂಧ್ರ ಅಗಲವಾಗಿ ತಿರುಪು ಸಡಿಲವಾಗುವುದು. ತಗಡಿನ ಅಡಿಯಲ್ಲಿ ಕೆಸರೂ ನೀರೂ ಸೇರಿ ಒಣಗದೆ ನಿಲ್ಲುವುದರಿಂದ ಈ ಕಾರ್ಯ ನಿರಂತರ ನಡೆಯುವುದು. ಚಳಿಗಾಲದಲ್ಲಿ ಹಿಮ ಕರಗಿಸಲು ರಸ್ತೆಗೆ ಉಪ್ಪು ಚೆಲ್ಲುವ ಇಂಗ್ಲೆಂಡಿನಲ್ಲಿ ಇದರ ಕಾಟ ಹೆಚ್ಚು. ಮೇಲೆ ಹೊಳೆಯುವ ತಗಡಿರುವುದರಿಂದ ಅಡಿಯ ರೋಗ ಕಾಣದು. ಗಟ್ಟಿಯೆಂದು ನಂಬಿ ಅದರ ಮೇಲೆ ಕಾಲಿಟ್ಟವನು ಬಿದ್ದಾಗಲೇ ಗೊತ್ತಾಗುವುದು.

ನಮ್ಮ ಮಲೆನಾಡಿನ ಕಾಫಿ ತೋಟಗಳಲ್ಲಿಯೂ ಕರಾವಳಿಯಲ್ಲಿಯೂ ಓಡುವ ಜೀಪುಗಳ ಮೈ ಸಾಮಾನ್ಯವಾಗಿ ಉಕ್ಕಿನದು. ಅದಕ್ಕೆ ಅಲ್ಯುಮಿನಿಯಂ ತಗಡನ್ನು ಹೊದಿಸಿದರೆ ಪಾತ್ರಗಳು ಬದಲಾಗುವುವು: ಈಗ ಕರಗತಕ್ಕ ಸರದಿ ಕವಚದ್ದು. ಇಷ್ಟರಿಂದ ಮೈ ಕ್ಷೇಮವೆಂದು ತಿಳಿಯತಕ್ಕುದಲ್ಲ. ತಗಡು ಅದುರಿ ಬಣ್ಣವನ್ನು ಉಜ್ಜಿದಲ್ಲಿ, ಒಳಗೆ ನಿಂತ ನೀರಿನಿಂದ ಉಕ್ಕಿಗೂ ತುಕ್ಕು ತಪ್ಪದು. ತಿಂಗಳುಗಟ್ಟಲೆ ಸುರಿಯುವ ಮಳೆಯೂ ಕಡಲಿನ ಉಪ್ಪುಗಾಳಿಯೂ ಇದಕ್ಕೆ ಸಹಾಯಕ.

ಹಾಗಾದರೆ ಮಾಡತಕ್ಕದ್ದೇನು? ತಗಡು ಮೈಯ ಲೋಹದ ಜಾತಿಯದೇ ಆಗಿದ್ದರೆ ಉತ್ತಮ. ರಂಧ್ರಗಳು ಎಷ್ಟು ಕಡಮೆಯಿದ್ದರೆ ಅಷ್ಟು ಲೇಸು. ಕೊರೆದ ಪ್ರತಿಯೊಂದು ರಂಧ್ರದ ಅಂಚಿಗೂ ಬಣ್ಣ ಬಳಿದು ಒಣಗಿಸಿದ ಮೇಲೆಯೇ ಬಿಗಿಯಬೇಕು. ಹಿತ್ತಾಳೆಯ ತಿರುಪನ್ನು ಅಲ್ಯುಮಿನಿಯಂಗೆ ಎಂದಿಗೂ ಹಾಕಕೂಡದು. ಸ್ಟೇನ್‌ಲೆಸ್ ಉಕ್ಕಿನ ಬೋಲ್ಟು ಗಟ್ಟಿಯಾದುದೇ. ಆದರೆ ಅದರ ತಲೆಯ ಅಡಿಯಲ್ಲಿ ನೈಲಾನಿನ ವಾಷರನ್ನೂ, ರಂಧ್ರದೊಳಗೆ ನೈಲಾನಿನ ತೋಳನ್ನೂ ಇಟ್ಟು, ನೀರು ಹೊಗದಂತೆ ಅಂಟು ಮೆತ್ತಬೇಕು. ಬಟ್ಟೆಯನ್ನಾಗಲಿ ಫೆಲ್ಟನ್ನಾಗಲಿ ನಡುವೆ ಇಡಬಾರದು; ಅವು ನೀರನ್ನು ಹೀರಿ ಇಟ್ಟುಕೊಳ್ಳುವುವು. ರಿವೆಟ್ಟುಗಳಾದರೆ ಬಾಯಿ ಮುಚ್ಚಿದ ಜಾತಿಯವು ಮೇಲು. ಸಾಧಾರಣ ಅಲ್ಯುಮಿನಿಯಂ ರಿವೆಟ್ಟಿನ ನಡುವೆ ಉಕ್ಕಿನ ಕಡ್ಡಿಯ ತುಂಡು ಉಳಿದು ತುಕ್ಕು ಹಿಡಿಯುವುದುಂಟು. ಬಿಚ್ಚಬರುವ ಬೋಲ್ಟುಗಳಿದ್ದರೆ ಇನ್ನೊಂದು ಪ್ರಯೋಜನ: ಮಳೆಗಾಲ ಕಳೆದೊಡನೆ ತಗಡನ್ನು ತೆಗೆದು, ಕೆಸರು ತೊಳೆದು, ಒಣಗಿಸಿ, ಮತ್ತೆ ಕೂಡಿಸಬಹುದು. ತಗಡಿನ ಅಂಚನ್ನು ಅರದಿಂದ ಉಜ್ಜಿ ನುಣುಪುಮಾಡಿಸುವುದನ್ನು ಮರೆಯಬಾರದು. ಮನೆಯ ಮಕ್ಕಳ ಕೈ ಮೊದಲು ಹೋಗುವುದು ಹೊಳೆಯುವ ವಸ್ತುವಿಗೆ.

ವಾಹನವಿಲ್ಲದ ಗೃಹಸ್ಥರು ಈ ಮಾತು ತಮಗಲ್ಲವೆಂದು ಪುಟ ತಿರುವಬೇಕಾಗಿಲ್ಲ. ಬಚ್ಚಲುಮನೆಯಲ್ಲಿ ಬಿಸಿನೀರಿನ ತಾಮ್ರದ ಕೊಳವೆಗೆ ಸತುವಿನ ಲೇಪವುಳ್ಳ ಕಬ್ಬಿಣದ ಕೊಳವೆಯನ್ನು ನೇರವಾಗಿ ಕೂಡಿಸಿದಲ್ಲಿಯೂ ಇದೇ ಲೋಪಸಂಧಿ. ಮೊದಲು ಸತುವು, ಆಮೇಲೆ ಕಬ್ಬಿಣ ಸವೆದು ಗೋಡೆಯೊಳಗೆ ನೀರು ಜಿನುಗುವುದು. ಆದುದರಿಂದ ಕೆಲಸದವರು ಎರಡು ಲೋಹಗಳನ್ನು ಕೂಡಿಸುವಾಗ, “ನಡುವೆ ಏನಿಡುವಿರಯ್ಯಾ?” ಎಂದು ಒಮ್ಮೆ ಕೇಳಿರಿ. ವಾಷರಿನ ಬೆಲೆ ಅತ್ಯಲ್ಪ; ಕೇಳದಿದ್ದುದರ ಬೆಲೆ ಗೋಡೆ ಒಡೆದಾಗ ತಿಳಿಯುವುದು.